ಹಾಜರಿ ಯಾರದ್ದು ಸ್ವಾಮಿ?

ಗೌರಿ ಹಬ್ಬಕ್ಕೆ ಊರಿಗೆ ಬಂದಿದ್ದ ತಂಗಿ, ಪೂಜೆ ಮುಗಿಯೋ ಮುಂಚೆ ಮೂರು ಸಲ ಫೋನ್ ಹಿಡ್ಕೊಂಡು ಹಿತ್ತಲಿಗೆ ಓಡಿದಳು. ಚಿಕ್ಕಪ್ಪನಿಗೆ ರೇಗಿಹೋಯ್ತು.

"ಹಬ್ಬದ ದಿನಾನೂ ಕೋರ್ಟೇನಮ್ಮಾ?"

"ಕೋರ್ಟಿಗೆ ರಜ ಅಪ್ಪ. ನಮ್ಮ ಸೀನಿಯರ್‌ಗಿಲ್ಲ."

ತಂಗಿ ಅಂದ್ರೆ ಚಿಕ್ಕಪ್ಪನ ಮಗಳು. ನಮ್ಮ ವಂಶದಲ್ಲೇ ಮೊದಲ ಲಾಯರು. ಬೆಂಗಳೂರಿನ ಗಾಂಧಿನಗರದಲ್ಲಿ ಒಬ್ಬ ಸೀನಿಯರ್ ವಕೀಲರ ಚೇಂಬರಿನಲ್ಲಿ ಜೂನಿಯರ್ ಆಗಿ ಎರಡು ವರ್ಷ ಆಯ್ತು. ಅವತ್ತು ಸಾಯಂಕಾಲವೇ, ಕಡುಬು ಕಟ್ಟಿಸಿಕೊಂಡು, ತಿಪಟೂರಿನಿಂದ ಬಸ್ ಹತ್ತಿ ವಾಪಸ್ ಹೋದಳು. ನಾನು? ನಾನು ಅಲ್ಲೇ ಇದ್ದೆ. ಮುಂದಿನ ನಾಲ್ಕು ದಿನ ಮಾಳಿಗೆ ಮೇಲೆ ಕೂತು, ತೆಂಗಿನ ಗರಿ ನೆರಳಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಮಧ್ಯೆ ಮಧ್ಯೆ ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಕೆಲಸ ಮಾಡಿದೆ. ಚಿಕ್ಕಪ್ಪ ಕೆಳಗಿಂದ ಕೂಗಿ ಹೇಳಿದ್ದು ಇನ್ನೂ ಕಿವೀಲಿದೆ: "ನೀನು ಮನೇಲಿ ಕೂತ್ರೂ ಸಂಬಳ ಬರುತ್ತೆ. ಅವಳು ಹಗಲೂ ರಾತ್ರಿ ಓಡಾಡಿದ್ರೂ ಪಿಜಿ ಬಾಡಿಗೆಗೆ ನಾನೇ ಕೊಬ್ಬರಿ ಮಾರಿ ದುಡ್ಡು ಕಳಿಸಬೇಕು. ಇದ್ಯಾವ ಲೆಕ್ಕನಪ್ಪ?"

ಆ ಲೆಕ್ಕ ಹಾಕೋಕೆ ಈ ಬರಹ.

ಮೊದಲು ಅವಳ ದಿನಚರಿ ಕೇಳಿ. ಬೆಳಿಗ್ಗೆ ಎಂಟೂವರೆಗೆ ಚೇಂಬರು. ಕಾಸ್ ಲಿಸ್ಟ್ ನೋಡಿ ಫೈಲು ಜೋಡಿಸೋದು. ಹತ್ತೂವರೆಗೆ ಹೈಕೋರ್ಟು. ತಮ್ಮ ಕೇಸು ಎಂಬತ್ತನೇ ನಂಬರಿನಲ್ಲಿದ್ದರೆ ಮಧ್ಯಾಹ್ನದವರೆಗೂ ಕಾಯೋದು. ಸೀನಿಯರ್ ಇನ್ನೊಂದು ಕೋರ್ಟ್ ಹಾಲಿನಲ್ಲಿದ್ದರೆ ಎದ್ದು ನಿಂತು "ಪಾಸ್ ಓವರ್" ಕೇಳೋದು, ಸಿಗದಿದ್ರೆ ವಾಯಿದೆ ತಗೊಂಡು ಡೈರಿಯಲ್ಲಿ ಮುಂದಿನ ತಾರೀಕು ಬರ್ಕೊಳ್ಳೋದು. ಆಮೇಲೆ ಫೈಲಿಂಗ್ ಕೌಂಟರು, ಆಫೀಸ್ ಆಬ್ಜೆಕ್ಷನ್ ಸರಿಪಡಿಸೋದು, ಸರ್ಟಿಫೈಡ್ ಕಾಪಿಗೆ ಅಲೆಯೋದು. ಸಂಜೆ ಆರಕ್ಕೆ ಮತ್ತೆ ಚೇಂಬರು. ಸೀನಿಯರ್ ಬರೋದು ಏಳೂವರೆಗೆ. ಕಕ್ಷಿದಾರರು ಹೋಗೋ ಹೊತ್ತಿಗೆ ಒಂಬತ್ತೂವರೆ. ಪಿಜಿ ಗೇಟಿಗೆ ಬೀಗ ಬೀಳೋದು ಹತ್ತಕ್ಕೆ. ಶನಿವಾರವೂ ಇದೇ.

ಅವಳು ಕೇಳಿದ್ದು ಇಷ್ಟೇ. ವಾರಕ್ಕೆ ಎರಡು ಸಂಜೆ ಪಿಜಿಯಿಂದಲೇ ಡ್ರಾಫ್ಟಿಂಗ್ ಮಾಡಿ ಮೇಲ್ ಮಾಡ್ತೀನಿ ಸರ್, ಮತ್ತೆ ಬರೀ ವಾಯಿದೆ ತಗೊಳ್ಳೋ ಕೇಸಿಗೆ ವಿಡಿಯೋ ಕಾನ್ಫರೆನ್ಸ್‌ನಲ್ಲಿ ಹಾಜರಾಗ್ತೀನಿ. ಉತ್ತರ ಏನು ಬಂತು ಗೊತ್ತಾ? "ಕರೀ ಕೋಟು ಹಾಕ್ಕೊಂಡ ಮೇಲೆ ವರ್ಕ್ ಫ್ರಮ್ ಹೋಮ್ ಅಂತೆ! ನಾವೆಲ್ಲ ಸೀನಿಯರ್ ಬ್ಯಾಗ್ ಹೊತ್ತು ಕಲಿತಿದ್ದಮ್ಮ. ಇಲ್ಲಿ ಕೂತರೆ ತಾನೇ ಕಲಿಯೋದು?"

ಈ ಕೊನೆಯ ಮಾತನ್ನ ನಾನು ತಳ್ಳಿಹಾಕಲ್ಲ. ಅದು ನಿಜ. ನಮ್ಮ ಐಟಿ ಮಂದಿ, ಅದರಲ್ಲೂ ನನ್ನ ವಯಸ್ಸಿನವರು, ಅದನ್ನ ಒಪ್ಪಲ್ಲ ಅಷ್ಟೇ. ಆಫೀಸಿಗೆ ವಾಪಸ್ ಬನ್ನಿ ಅಂತ ಮೇಲ್ ಬಂದಾಗ ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟು ಮೀಮು ಹಂಚಿದ್ವಿ! ಆಫೀಸಿನಲ್ಲಿ ಏನಿದೆ ಮಣ್ಣು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಾಯೋದ್ಯಾಕೆ ಅಂತ. ಆದ್ರೆ ನಾವು ಕೆಲಸ ಕಲಿತದ್ದು ಎಲ್ಲಿ?

2011ರಲ್ಲಿ ಬಿಇ ಮುಗಿಸಿ ನಾನು ಕೆಲಸಕ್ಕೆ ಸೇರಿದಾಗ, ಇಂಗ್ಲಿಷಿನಲ್ಲಿ ಕ್ಲೈಂಟ್ ಜೊತೆ ಮಾತಾಡಬೇಕು ಅಂದ್ರೆ ಅಂಗೈ ಬೆವರೋದು. ಪಕ್ಕದ ಸೀಟಿನ ಸೀನಿಯರ್ ಫೋನಿನಲ್ಲಿ ಮಾತಾಡೋದನ್ನ ಕದ್ದು ಕೇಳ್ತಿದ್ದೆ. ಗೊತ್ತಿಲ್ಲದ್ದನ್ನ ಮರ್ಯಾದೆಯಿಂದ "ಗೊತ್ತಿಲ್ಲ, ನೋಡಿ ಹೇಳ್ತೀನಿ" ಅನ್ನೋದು ಹೇಗೆ ಅಂತ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ. ಅವರ ಬಾಯಿಂದ ಕಲಿತೆ. ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದಾಗ ಅವರು ಮೊದಲು ಯಾವ ಲಾಗ್ ತೆಗೀತಾರೆ, ಯಾವುದನ್ನ ಮುಟ್ಟೋದೇ ಇಲ್ಲ ಅಂತ ಹಿಂದೆ ನಿಂತು ನೋಡಿದೆ. ಕೆಳಗಡೆ ಟೀ ಅಂಗಡೀಲಿ ಬೈಸಿಕೊಂಡೆ, ಅಲ್ಲೇ ಸಮಾಧಾನಾನೂ ಮಾಡಿಸಿಕೊಂಡೆ. ನಾನು ಇವತ್ತು ಮಾಳಿಗೆ ಮೇಲೆ ಕೂತು ಕೆಲಸ ಮಾಡಬಲ್ಲೆ ಅಂದ್ರೆ, ಅವತ್ತು ಒಬ್ಬರು ನನ್ನ ಪಕ್ಕದಲ್ಲಿ ಕೂತಿದ್ದರಿಂದ.

ಈಗ ನನ್ನ ಪಾಪದ ಕಥೆ. 2021ರಲ್ಲಿ ನನ್ನ ಟೀಮಿಗೆ ರಾಯಚೂರು ಕಡೆಯ ಹುಡುಗನೊಬ್ಬ ಸೇರಿದ. ಸೇರಿದ್ದೂ ಮನೆಯಿಂದ, ಕೆಲಸವೂ ಮನೆಯಿಂದ. ಕ್ಯಾಮೆರಾ ಯಾವತ್ತೂ ಆನ್ ಮಾಡ್ತಿರಲಿಲ್ಲ. ಒಂದೇ ಕೋಣೇಲಿ ಆರು ಜನ ಇದ್ರಂತೆ, ಆಮೇಲೆ ಗೊತ್ತಾಯ್ತು. "ಹಾಯ್ ಸರ್" ಅಂತ ಮೆಸೇಜ್ ಹಾಕಿ ಸುಮ್ಮನಾಗ್ತಿದ್ದ. ನಾನು ಎರಡು ಗಂಟೆ ಬಿಟ್ಟು "ಹೇಳು" ಅಂತಿದ್ದೆ. ವರ್ಷದ ಕೊನೆಗೆ ಅವನ ಅಪ್ರೈಸಲ್‌ನಲ್ಲಿ 'ಇನಿಶಿಯೇಟಿವ್ ಕಡಿಮೆ' ಅಂತ ಬರೆದವನು ನಾನೇ. ಅವನು ರಾಜೀನಾಮೆ ಕೊಟ್ಟ. ಕೊನೆಯ ಕಾಲ್‌ನಲ್ಲಿ ಅಂದ: "ಸರ್, ನಿಮಗ ಯಾವಾಗ ಫೋನ್ ಮಾಡಬೇಕು ಅಂತ ನನಗ ಗೊತ್ತಾಗ್ತಿರಲಿಲ್ರೀ."

ನನ್ನ ಪಕ್ಕದ ಸೀಟಿನಲ್ಲಿ ಅವನಿದ್ದಿದ್ರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಏಣಿ ಹತ್ತಿ ಅಟ್ಟ ಸೇರಿ, ಏಣಿ ಮೇಲಕ್ಕೆ ಎಳ್ಕೊಂಡವನು ನಾನು. ಹಾಗಾಗಿ 'ಆಫೀಸು ಯಾರಿಗೂ ಬೇಡ' ಅಂತ ಭಾಷಣ ಬಿಗಿಯೋ ಹಕ್ಕು ನನಗಿಲ್ಲ.

ಲಾಯರ್ ಕೆಲಸದಲ್ಲಂತೂ ಇದು ಇನ್ನೂ ನಿಜ. ಪಾಟೀಸವಾಲಿನಲ್ಲಿ ಯಾವ ಪ್ರಶ್ನೆ ಕೇಳಬೇಕು ಅಂತ ಪುಸ್ತಕ ಹೇಳಬಹುದು. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಸಾಕ್ಷಿಯ ಮುಖ ನೋಡ್ತಾ ಕಲಿಯೋ ವಿದ್ಯೆ. ತಂಗಿಯೇ ಹೇಳಿದಳು: "ಅಣ್ಣ, ಕೋರ್ಟ್ ಹಾಲ್ ಬಿಟ್ಟು ನಾನು ಲಾಯರ್ ಆಗಲ್ಲ. ನನಗೆ ಅದು ಗೊತ್ತು."

ಹಾಗಾದ್ರೆ ತಕರಾರೇನು? ತಕರಾರು ಇಲ್ಲಿದೆ. ಕಲಿಸ್ತೀವಿ ಅಂತ ಕರೆದವರು ಕಲಿಸೋ ಹೊತ್ತಲ್ಲಿ ಎಲ್ಲಿರ್ತಾರೆ?

ವಕೀಲರಿಗೆ ಡೈರಿ ಬರೆಯೋ ಅಭ್ಯಾಸ ತಾನೇ. ತಂಗಿ ತನ್ನ ಡೈರಿಯಲ್ಲಿ ಇನ್ನೊಂದು ಕೆಲಸ ಮಾಡಿದ್ದಾಳೆ. ಸೀನಿಯರ್ ಅವಳ ಡ್ರಾಫ್ಟ್ ಕೈಗೆ ತಗೊಂಡು, ಇದು ಯಾಕೆ ತಪ್ಪು, ಹೇಗೆ ಬರೀಬೇಕು ಅಂತ ಕೂರಿಸಿಕೊಂಡು ಹೇಳಿದ ದಿನದ ಪುಟಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳ ಪುಟ ತಿರುವಿ ತೋರಿಸಿದಳು. ಚೇಂಬರಿಗೆ ಹೋದ ದಿನ 76. ಕೆಂಪು ಗೆರೆ 5. ಉಳಿದ 71 ದಿನ ಏನು ಕಲಿತಳು? ಯಾವ ಕೌಂಟರಿನಲ್ಲಿ ಯಾರನ್ನ ನೋಡಬೇಕು, ಜೆರಾಕ್ಸ್ ಅಂಗಡಿ ಎಷ್ಟೊತ್ತಿಗೆ ಮುಚ್ಚುತ್ತೆ. ಅದೂ ಬೇಕಾದ ವಿದ್ಯೆಯೇ, ಒಂದು ತಿಂಗಳ ಮಟ್ಟಿಗೆ. ಮಜಾ ಏನಂದ್ರೆ, ಆ ಸೀನಿಯರ್ ಸಾಹೇಬರು ಎಷ್ಟೋ ದಿನ ತಮ್ಮ ಮನೆಯಿಂದಲೇ ವಿಡಿಯೋದಲ್ಲಿ ವಾದ ಮಾಡ್ತಾರೆ. ಇವಳು ಖಾಲಿ ಚೇಂಬರಿನಲ್ಲಿ ಕೂತು ಅವರ ಫೋನಿಗೆ ಕಾಯ್ತಾಳೆ.

ನಮ್ಮಲ್ಲೇನು ಕಮ್ಮಿ? ವಾರಕ್ಕೆ ಮೂರು ದಿನ ಬ್ಯಾಡ್ಜ್ ಸ್ವೈಪ್ ಕಡ್ಡಾಯ ಅಂತ ಮಾಡಿದ್ರು. ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ತೆವಳಿ ಹೋಗಿ ನೋಡಿದ್ರೆ, ಟೀಮಿನ ಇಬ್ಬರು ಪುಣೆಯಲ್ಲಿ, ಒಬ್ಬರು ಹೈದರಾಬಾದಿನಲ್ಲಿ, ಮ್ಯಾನೇಜರ್ 'ಇವತ್ತು ಮನೆಯಿಂದ'. ಹೊಸದಾಗಿ ಸೇರಿದ ಮಕ್ಕಳು ಹೆಡ್‌ಫೋನ್ ಹಾಕ್ಕೊಂಡು ಅದೇ ಟೀಮ್ಸ್ ಕಾಲ್‌ನಲ್ಲಿ ಕೂತಿದ್ರು. ಇದಕ್ಕೆ ಕಲಿಕೆ ಅಂತ ಹೆಸರು. ನನ್ನ ಪ್ರಕಾರ ಇದು ಕುರ್ಚಿಗೆ ಕಾವು ಕೊಡೋ ಕೆಲಸ.

ಅಂತೂ ನಮಗೆ ಸಂಬಳವಾದರೂ ಇದೆ. ಲಾಯರ್ ಮಕ್ಕಳ ಕಥೆ ಬೇರೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 49ರ ಪ್ರಕಾರ, ವಕೀಲಿಕೆ ಮಾಡುವವರು ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ವೃತ್ತಿ ಸ್ವತಂತ್ರವಾಗಿರಲಿ ಅನ್ನೋ ಉದ್ದೇಶ, ಒಳ್ಳೇದೇ. ಆದ್ರೆ ಚೇಂಬರಿನ ಜೂನಿಯರ್ ಪಾಲಿಗೆ ಅದರ ಫಲ ನೋಡಿ. ಪಿಎಫ್ ಇಲ್ಲ, ರಜೆ ಲೆಕ್ಕ ಇಲ್ಲ, ಕೆಲಸದ ಗಂಟೆ ಇಲ್ಲ. ಹಾಜರಿಗೆ ಬಂದಾಗ ಮಾತ್ರ ಗುಮಾಸ್ತನಿಗಿಂತ ಕಟ್ಟುನಿಟ್ಟು. 2024ರ ಅಕ್ಟೋಬರಿನಲ್ಲಿ ಇದೇ ಬಾರ್ ಕೌನ್ಸಿಲ್, ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯ ಅಲ್ಲ. ತಂಗಿಗೆ ಸಿಗೋದು ಹನ್ನೆರಡು ಸಾವಿರ. ಪಿಜಿಗೇ ಎಂಟೂವರೆ ಹೋಗುತ್ತೆ.

ಲಂಡನ್ನಿನ ಸ್ಟೀಫನ್‌ಸನ್ ಹಾರ್ವುಡ್ ಅನ್ನೋ ಕಾನೂನು ಸಂಸ್ಥೆ 2022ರಲ್ಲಿ, ಪೂರ್ತಿ ಮನೆಯಿಂದಲೇ ಕೆಲಸ ಮಾಡ್ತೀನಿ ಅನ್ನೋರು ಶೇ. 20ರಷ್ಟು ಕಡಿಮೆ ಸಂಬಳಕ್ಕೆ ಒಪ್ಪಿ ಮಾಡಬಹುದು ಅಂದಿತ್ತು. ಆಗ ದೊಡ್ಡ ಗದ್ದಲ ಆಯ್ತು. ನನಗೂ ಅದು ಸರಿ ಕಾಣಲಿಲ್ಲ. ಆದ್ರೆ ಒಂದು ಮಾತು: ಅಲ್ಲಿ ಬರದೇ ಇರೋದಕ್ಕೆ ಬೆಲೆ ಕಟ್ಟಿದ್ರು. ಇಲ್ಲಿ ಬರೋದಕ್ಕೇ ಬೆಲೆ ಇಲ್ಲ.

ಆ ಬೆಲೆ ಯಾರು ತೆರ್ತಾರೆ? ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಮಾರೋ ಚಿಕ್ಕಪ್ಪ ತೆರ್ತಾನೆ. ಕೊಬ್ಬರಿ ರೇಟು ಬಿದ್ದ ವರ್ಷ? ಅವಳು ಕೋಟು ಬಿಚ್ಚಿಟ್ಟು ಬೇರೆ ಕೆಲಸ ಹುಡುಕಬೇಕು. ಅಪ್ಪನ ಚೇಂಬರ್ ಇದ್ದೋರು, ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದೋರು ಉಳೀತಾರೆ. ಹಳ್ಳಿಯಿಂದ ಬಂದೋರು, ಹತ್ತಕ್ಕೆ ಗೇಟು ಬೀಳೋ ಪಿಜಿಯ ಹೆಣ್ಣುಮಕ್ಕಳು ಮೂರನೇ ವರ್ಷಕ್ಕೆ ಸುಸ್ತಾಗಿ ಜಾಗ ಖಾಲಿ ಮಾಡ್ತಾರೆ. ವಾರಕ್ಕೆ ಎರಡು ಸಂಜೆ ಅಂದ್ರೆ ಅವಳಿಗೆ ಅಷ್ಟು ಭಾರ. ನಾಳೆ ಯಾರು ಸೀನಿಯರ್ ಆಗ್ತಾರೆ, ಯಾರು ಜಡ್ಜ್ ಆಗ್ತಾರೆ ಅನ್ನೋದು ಇಲ್ಲೇ ತೀರ್ಮಾನ ಆಗ್ತಿದೆ ಕಣ್ರೀ.

"ನ್ಯಾಯಾಂಗದ ಘನತೆ" ಅಂತ ಕೆಲವರು ಅಡ್ಡ ಬರ್ತಾರೆ. ಕೋರ್ಟುಗಳೇ ಬದಲಾಗಿವೆ ಸ್ವಾಮಿ. 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿ ಬಳಸಿ ವಿಡಿಯೋ ವಿಚಾರಣೆಗೆ ದಾರಿ ಮಾಡಿತು. 2023ರ ಅಕ್ಟೋಬರಿನಲ್ಲಿ, ಯಾವ ಹೈಕೋರ್ಟೂ ವಿಡಿಯೋ ಸೌಲಭ್ಯ ನಿರಾಕರಿಸುವಂತಿಲ್ಲ ಅಂದಿತು. ಅದೇ ಡಿಸೆಂಬರಿನಲ್ಲಿ ಕಿಡಿಗೇಡಿಗಳು ನಮ್ಮ ಹೈಕೋರ್ಟಿನ ವಿಡಿಯೋ ಕಲಾಪಕ್ಕೆ ನುಗ್ಗಿ ಅಸಹ್ಯ ದೃಶ್ಯ ಹಾಕಿದ್ದಕ್ಕೆ ಅದನ್ನ ನಿಲ್ಲಿಸಬೇಕಾಯ್ತು. ಮುಂದೆ ಬಿಗಿ ಮಾಡಿ ಮತ್ತೆ ಶುರು ಮಾಡಿದ್ರು. ಶಾಶ್ವತವಾಗಿ ಬಾಗಿಲು ಹಾಕಲಿಲ್ಲ.

ಇನ್ನೂ ಹಿಂದೆ ಹೋಗಿ. ಉತ್ತರ ಕರ್ನಾಟಕದ ಜನ, ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಹೈಕೋರ್ಟ್ ಪೀಠ ಬಂತು. ಕಲಬುರಗಿಯಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಹೆಚ್ಚು. ಒಂದು ವಾಯಿದೆಗೆ ಎರಡು ರಾತ್ರಿ ಪ್ರಯಾಣ ಮಾಡೋದು ಅನ್ಯಾಯ ಅಂತ ಅವರು ಹೇಳಿದ್ರು. ಕೋರ್ಟೇ ಎದ್ದು ಅವರ ಹತ್ತಿರ ಹೋಯ್ತು. ಅವರಿಗೆ ಯಾರೂ ಸೋಮಾರಿಗಳು ಅನ್ನಲಿಲ್ಲ. ನ್ಯಾಯಾಧೀಶರ ಎದುರು ನಿಲ್ಲೋದು ಮುಖ್ಯ ಅನ್ನೋದನ್ನೂ, ದಂಡದ ಓಡಾಟ ತಪ್ಪಬೇಕು ಅನ್ನೋದನ್ನೂ ಒಟ್ಟಿಗೇ ಹೇಳಿದ ಹೋರಾಟ ಅದು. ನನ್ನ ತಂಗಿ ಕೇಳ್ತಿರೋದೂ ಅದನ್ನೇ, ಚಿಕ್ಕ ಪ್ರಮಾಣದಲ್ಲಿ.

ಹಾಗಾಗಿ ನನ್ನ ಬೇಡಿಕೆ ಸರಳ. ಹಾಜರಿ ಕೇಳೋರು ಮೊದಲು ತಾವು ಹಾಜರಾಗಲಿ. ವಾರದಲ್ಲಿ ಇಂಥ ದಿನ, ಇಂಥ ಹೊತ್ತು, ಫೋನ್ ಬದಿಗಿಟ್ಟು ಜೂನಿಯರ್ ಜೊತೆ ಕೂರ್ತೀನಿ ಅಂತ ಬರೆದುಕೊಡಲಿ. ಪಾಟೀಸವಾಲಿದ್ದರೆ, ವಾದ ಇದ್ದರೆ ಜೂನಿಯರ್ ಬರಲೇಬೇಕು. ಬರೀ ವಾಯಿದೆಗೆ ವಿಡಿಯೋ ಸಾಕು, ಡ್ರಾಫ್ಟಿಂಗಿಗೆ ಪಿಜಿ ಮೇಜು ಸಾಕು. "ಅಷ್ಟೊಂದು ಟೈಮ್ ಎಲ್ಲಿದೆ ರೀ ನಮಗೆ?" ಅನ್ನೋರಿಗೆ ನನ್ನ ಉತ್ತರ: ಹಾಗಾದ್ರೆ ಜೂನಿಯರ್ ಇಟ್ಕೋಬೇಡಿ. ಗುಮಾಸ್ತರನ್ನ ಇಟ್ಕೊಳ್ಳಿ, ಗುಮಾಸ್ತರ ಸಂಬಳ ಕೊಡಿ. ಕಲಿಕೆ ಅನ್ನೋ ದೊಡ್ಡ ಮಾತು ಬಿಟ್ಟುಬಿಡಿ.

ಬರೀ ಲಾಯರ್‌ಗಳಿಗೆ ಉಪದೇಶ ಮಾಡಿ ಕೂತರೆ ಆ ರಾಯಚೂರಿನ ಹುಡುಗ ನಕ್ಕಾನು. ಹಬ್ಬ ಮುಗಿಸಿ ವಾಪಸ್ ಬಂದಮೇಲೆ ಮಂಗಳವಾರ, ಗುರುವಾರ ಆಫೀಸಿಗೆ ಹೋಗ್ತಿದ್ದೀನಿ. ಹೆಡ್‌ಫೋನ್ ಇಲ್ಲದೆ, ಹೊಸಬರಿಬ್ಬರ ಪಕ್ಕದ ಸೀಟಿನಲ್ಲಿ. ಮೊದಲ ವಾರ ಇಬ್ಬರೂ ಏನೂ ಕೇಳಲಿಲ್ಲ. ಎರಡನೇ ವಾರ ಒಬ್ಬಳು, "ಸರ್, ಒಂದ್ನಿಮಿಷ, ಇದು ದಡ್ಡ ಪ್ರಶ್ನೆ ಇರಬಹುದು" ಅಂದಳು. ದಡ್ಡ ಪ್ರಶ್ನೆ ಆಗಿರಲಿಲ್ಲ. ನನಗೂ ಉತ್ತರ ಗೊತ್ತಿರಲಿಲ್ಲ; ನೋಡಿ ಹೇಳ್ತೀನಿ ಅಂದೆ.

ತಂಗಿ ಇನ್ನೂ ಅದೇ ಚೇಂಬರಿನಲ್ಲಿದ್ದಾಳೆ. ಮುಂದಿನ ಯುಗಾದಿವರೆಗೆ ನೋಡ್ತೀನಿ ಅಣ್ಣ, ಆಮೇಲೆ ಗೊತ್ತಿಲ್ಲ ಅಂದಿದ್ದಾಳೆ. ನೀವು ಯಾರಿಗಾದ್ರೂ ಸೀನಿಯರ್ ಆಗಿದ್ರೆ, ನಿಮ್ಮ ಕೈಕೆಳಗಿನ ಹುಡುಗನಿಗೋ ಹುಡುಗಿಗೋ ಇವತ್ತೇ ಕೇಳಿ: ಈ ತಿಂಗಳು ನಿನ್ನ ಡೈರಿಯಲ್ಲಿ ಎಷ್ಟು ಕೆಂಪು ಗೆರೆ ಬಿತ್ತು? ಆಮೇಲೆ ಬೇಕಾದ್ರೆ ಅವರ ಹಾಜರಿ ತಗೊಳ್ಳಿ.