ನೆಗೆಟಿವಿನಿಂದ ಕಾಗದಕ್ಕೆ: ಕರಿ ಶಾಯಿಯ ಪರವಾಗಿ ಒಂದು ಮಾತು

ಕಪ್ಪು-ಬಿಳುಪು ಛಾಯಾಚಿತ್ರವೆಂಬ ಹೆಸರೇ ಒಂದು ಅರ್ಧಸತ್ಯ. ಅಂಥ ಚಿತ್ರದಲ್ಲಿ ಅಚ್ಚ ಕಪ್ಪೂ ಅಚ್ಚ ಬಿಳುಪೂ ಇರುವ ಜಾಗ ಬಹು ಸ್ವಲ್ಪ. ಮಿಕ್ಕದ್ದೆಲ್ಲ ಬೂದುಬಣ್ಣದ ನೂರಾರು ಮೆಟ್ಟಿಲುಗಳು. ಮುಖದ ದುಂಡು, ಸೀರೆಯ ನಿರಿಗೆ, ಮಳೆಮೋಡದ ಭಾರ ಇವೆಲ್ಲ ನಮ್ಮ ಕಣ್ಣಿಗೆ ತೋರುವುದು ಆ ಮೆಟ್ಟಿಲುಗಳ ಏರಿಳಿತದಿಂದಲೇ. ಮನೆಯ ಹಳೆಯ ಫಿಲ್ಮ್ ನೆಗೆಟಿವನ್ನು ಅಂಗಡಿಗೆ ಕೊಟ್ಟು, ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಿಸಿ ತಂದವರಿಗೆ ಇಂದು ಅನೇಕ ವೇಳೆ ದೊರೆಯುವುದೇನು? ಹಗಲಿನಲ್ಲಿ ಹಸಿರು ಹೊಡೆಯುವ, ರಾತ್ರಿ ದೀಪದಡಿಯಲ್ಲಿ ಕೆಂಪಡರುವ ಒಂದು ಮುಖ. ಕೂದಲೂ ಕರಿಯ ಕೋಟೂ ಒಂದಾಗಿ ಕಲೆತುಹೋದ ಮಸಿಯ ಮುದ್ದೆ. ಇದನ್ನು ಕಂಡವರು, ಕತ್ತಲೆಕೋಣೆಯಲ್ಲಿ ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಮೂಡಿಸುತ್ತಿದ್ದ ಹಿಂದಿನ ಚಿತ್ರವೆಲ್ಲಿ, ಈ ಯಂತ್ರದ ಕೂಸೆಲ್ಲಿ ಎಂದು ನಿಟ್ಟುಸಿರಿಡುವುದು ಸಹಜವೇ. ಆದರೆ ಯಂತ್ರವನ್ನು ದೂರುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ದೋಷವಿರುವುದು ಅದಕ್ಕೆ ಒದಗಿಸಿದ ಶಾಯಿಯಲ್ಲಿ, ಮತ್ತು ಮುದ್ರಿಸುವವನ ಅವಸರದಲ್ಲಿ.

ಇಂಕ್‌ಜೆಟ್ ಯಂತ್ರದ ತಲೆಯಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳ ಸಾಲುಗಳಿರುತ್ತವೆ. ಕೆಲವು ಯಂತ್ರಗಳಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಹುಟ್ಟಿದ ಆವಿಗುಳ್ಳೆಯಿಂದ ಹನಿಯನ್ನು ಹೊರದೂಡುವ ಏರ್ಪಾಡುಂಟು. ಇನ್ನು ಕೆಲವಲ್ಲಿ ವಿದ್ಯುತ್ತಿನ ಪ್ರಭಾವದಿಂದ ಆಕಾರ ಬದಲಿಸುವ ಪದಾರ್ಥವೊಂದು ಹನಿಯನ್ನು ಹಿಂಡುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ತೋರುವುದೆಂದು ಕ್ಯೂರಿ ಸೋದರರು 1880ರಲ್ಲಿ ತಿಳಿಸಿದರಷ್ಟೆ. ಇದು ಅದರ ವಿಲೋಮ. ಹನಿಯ ಗಾತ್ರ ಕೆಲವೇ ಪಿಕೋಲೀಟರು. ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಲೀಟರು. 4 ಪಿಕೋಲೀಟರಿನ ಹನಿಯ ವ್ಯಾಸ ಸುಮಾರು ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ಗೋಳದ ಘನಫಲದ ಸೂತ್ರವನ್ನು ಬಲ್ಲ ವಿದ್ಯಾರ್ಥಿಗಳು ತಾಳೆ ನೋಡಿಕೊಳ್ಳಬಹುದು.

ಹನಿ ಕಾಗದದ ಮೇಲೆ ಬಿದ್ದೀತು, ಇಲ್ಲವೆ ಬೀಳದಿದ್ದೀತು. ಒಂದೇ ಶಾಯಿಯಲ್ಲಿ ಅರೆಗಪ್ಪಿನ ಹನಿಯೆಂಬುದಿಲ್ಲ. ಆದ್ದರಿಂದ ಬೂದುಬಣ್ಣವನ್ನು ತೋರಿಸಬೇಕಾದರೆ ಕಪ್ಪು ಚುಕ್ಕಿಗಳನ್ನು ವಿರಳವಾಗಿ ಇಡಬೇಕು. ಆಗ ಹಣೆ, ಬಿಳಿಯ ಅಂಗಿ ಮುಂತಾದ ತಿಳಿಭಾಗಗಳ ಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಾಣುತ್ತದೆ. ಇದನ್ನು ಮರೆಸಲು ಸಾಮಾನ್ಯ ಯಂತ್ರವು ನೀಲಿ, ಮೆಜೆಂಟಾ, ಹಳದಿ ಶಾಯಿಗಳನ್ನು ಬೆರೆಸಿ ಬೂದುಬಣ್ಣವನ್ನು ಕಟ್ಟಲೆಳಸುತ್ತದೆ. ಮೂರೂ ಸಮತೂಕದಲ್ಲಿದ್ದರೆ ಸರಿ. ಒಂದು ಎಳ್ಳಷ್ಟು ಹೆಚ್ಚಿದರೂ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ಕಡುಗೆಂಪು ಹೂವಿನಲ್ಲಿ ಆದ ಸಣ್ಣ ವ್ಯತ್ಯಾಸವನ್ನು ನಮ್ಮ ಕಣ್ಣು ಕ್ಷಮಿಸೀತು, ಬೂದುಬಣ್ಣದಲ್ಲಿ ಆದುದನ್ನು ಕ್ಷಮಿಸದು. ಇಷ್ಟಾಗಿಯೂ ಆ ಸಮತೂಕ ಒಂದು ಬಗೆಯ ಬೆಳಕಿಗೆ ಮಾತ್ರ ಹೊಂದುವಂಥದು. ದೀಪ ಬದಲಾದರೆ ಅದರ ಬೆಳಕಿನಲ್ಲಿರುವ ವರ್ಣಗಳ ಪಾಲು ಬದಲಾಗಿ, ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಹಸಿರು ಮುಖದ ರಹಸ್ಯ ಇಷ್ಟೆ.

ಬಣ್ಣಗಳನ್ನು ಕೈಬಿಟ್ಟು, ಕಪ್ಪು ಶಾಯಿಯನ್ನೇ ಹಲವು ಹದಗಳಲ್ಲಿ ತಿಳಿಗೊಳಿಸಿ, ಒಂದೊಂದು ಹದವನ್ನು ಒಂದೊಂದು ರಂಧ್ರಸಾಲಿಗೆ ಒದಗಿಸುವುದು ಇದಕ್ಕೆ ಪರಿಹಾರ. ಅಮೆರಿಕದ ವರ್ಮಾಂಟ್ ಸಂಸ್ಥಾನದ ಮುದ್ರಣಕಾರ ಜಾನ್ ಕೋನ್ ಎಂಬವರು ಈ ಶತಮಾನದ ಆರಂಭದಲ್ಲಿ 'ಪೀಜೋಗ್ರಫಿ' ಎಂಬ ಹೆಸರಿನಿಂದ ಇಂಥ ಶಾಯಿಗಳನ್ನು ಬಳಕೆಗೆ ತಂದರು. ರಾಯ್ ಹ್ಯಾರಿಂಗ್ಟನ್ ರಚಿಸಿದ 'ಕ್ವಾಡ್‌ಟೋನ್ ರಿಪ್' ಎಂಬ ತಂತ್ರಾಂಶದಿಂದ, ಪ್ರತಿಯೊಂದು ಶಾಯಿಯ ಪಾಲೆಷ್ಟೆಂಬುದನ್ನು ಮುದ್ರಿಸುವವನೇ ನಿರ್ಧರಿಸುವುದು ಸಾಧ್ಯವಾಯಿತು. 2005ರಲ್ಲಿ ಎಪ್ಸನ್ ಕಂಪನಿಯು ಕಪ್ಪು, ತಿಳಿಗಪ್ಪು, ಅತಿ ತಿಳಿಗಪ್ಪು ಎಂಬ ಮೂರು ಶಾಯಿಗಳನ್ನು ಒಂದೇ ಯಂತ್ರದೊಳಗೆ ಇರಿಸಿತು. ತಿಳಿಶಾಯಿಯ ಒಂಟಿ ಹನಿ ಕಣ್ಣಿಗೆ ಬೀಳದಷ್ಟು ಮಾಸಲಾದುದರಿಂದ ಹನಿಗಳನ್ನು ಒತ್ತೊತ್ತಾಗಿ ಇಡಬಹುದು. ಹಣೆಯ ಮೇಲಿನ ಮೆಣಸಿನ ಪುಡಿ ಅಳಿಸಿಹೋಗುತ್ತದೆ.

ಈ ಕಪ್ಪು ಇಂಗಾಲದಿಂದ ಬಂದುದಾದರೆ ಮತ್ತೂ ಉತ್ತಮ, ಏಕೆಂದರೆ ಇಂಗಾಲ ಬೆಳಕಿಗೆ ಮಾಸುವ ವಸ್ತುವಲ್ಲ. ಕನ್ನಡಿಗರಿಗೆ ಇದು ಹೊಸ ಪಾಠವೇನಲ್ಲ. ತಾಳೆಗರಿಯಲ್ಲಿ ಲೋಹದ ಮೊನೆಯಿಂದ ಕೊರೆದ ಅಕ್ಷರಗಳಿಗೆ ನಮ್ಮ ಲಿಪಿಕಾರರು ದೀಪದ ಕಾಡಿಗೆಯನ್ನು ತೀಡುತ್ತಿದ್ದರು. ಗರಿ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದರೂ ಅಕ್ಷರದ ಕಪ್ಪು ಉಳಿದಿರುವುದುಂಟು. ಅಚ್ಚ ಇಂಗಾಲದ ಶಾಯಿಯನ್ನು ತಿಳಿಗೊಳಿಸಿದಾಗ ನಸುಗಂದು ಛಾಯೆ ತಲೆದೋರುತ್ತದೆಂಬುದು ನಿಜ. ತಯಾರಕರು ತುಸು ನೀಲಿ ಸೇರಿಸಿ ಅದನ್ನು ತಗ್ಗಿಸುವುದುಂಟು. ನಮಗಂತೂ ಆ ಕಂದು ಅಹಿತವೆನಿಸದು. ಕಾಗದದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಕಣ್ಣು ಕುಕ್ಕುವ ಬಿಳಿಯ ಕಾಗದಗಳಲ್ಲಿ ಸಾಮಾನ್ಯವಾಗಿ ಅತಿನೇರಿಳೆ ಕಿರಣಗಳನ್ನು ಹೀರಿ ನೀಲಿ ಬೆಳಕನ್ನು ಸೂಸುವ ರಾಸಾಯನಿಕಗಳಿರುತ್ತವೆ. ಕಾಲಕ್ರಮದಲ್ಲಿ ಅವುಗಳ ಶಕ್ತಿ ಕುಂದಿ ಕಾಗದ ಹಳದಿಯಾಗಿ ತೋರುತ್ತದೆ. ಹತ್ತಿಯ ನಾರಿನ, ಆಮ್ಲವಿಲ್ಲದ, ಹಾಲುಕೆನೆಯ ಬಣ್ಣದ ಕಾಗದವೇ ಲೇಸು.

ಇನ್ನು ನೆಗೆಟಿವಿನ ಕಡೆಗೆ ತಿರುಗೋಣ. ಫಿಲ್ಮಿನ ಕಪ್ಪನ್ನು ಅಳೆಯುವ 'ಸಾಂದ್ರತೆ'ಗೆ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲಿ ಲಾಗರಿತಮ್ಮಿನ ಆಧಾರವನ್ನು ಒದಗಿಸಿದರು. ಸಾಂದ್ರತೆ 1 ಎಂದರೆ ಬಿದ್ದ ಬೆಳಕಿನ ಹತ್ತರಲ್ಲೊಂದು ಪಾಲು ಹಾದುಬರುತ್ತದೆ. 2 ಎಂದರೆ ನೂರರಲ್ಲೊಂದು. ನೆಗೆಟಿವಿನಲ್ಲಿ ಅತಿ ಕಪ್ಪಾದ ಭಾಗವೇ ನಿಜದೃಶ್ಯದ ಬಿಳಿಯ ಪಂಚೆ, ಆಕಾಶ. ಅಲ್ಲಿ ಸ್ಕ್ಯಾನರಿಗೆ ದೊರೆಯುವ ಬೆಳಕು ಅತ್ಯಲ್ಪ. 8 ಬಿಟ್ಟಿನ ದಾಖಲೆಯಲ್ಲಿ ಒಟ್ಟು 256 ಮೆಟ್ಟಿಲುಗಳಷ್ಟೆ. ಅವನ್ನು ಮಗುಚಿ, ಹಿಗ್ಗಿಸಿ ತಿದ್ದುವಾಗ ನಯವಾದ ಆಕಾಶ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ. 16 ಬಿಟ್ಟಿನಲ್ಲಿ 65,536 ಮೆಟ್ಟಿಲುಗಳು ಸಿಗುವಾಗ ಜಿಪುಣತನವೇಕೆ? ಸ್ಕ್ಯಾನರಿನ 'ಆಟೋ' ಗುಂಡಿಯನ್ನು ನಾವು ಯಾರಿಗೂ ಶಿಫಾರಸು ಮಾಡಲಾರೆವು. ಚಿತ್ರ ಕೂಡಲೆ ಥಳಥಳಿಸಲೆಂದು ಅದು ಎರಡು ತುದಿಗಳ ಮೆಟ್ಟಿಲುಗಳನ್ನು ಕತ್ತರಿಸಿ ಎಸೆಯುತ್ತದೆ. ಎಸೆದುದನ್ನು ಮತ್ತೆ ತರುವ ವಿದ್ಯೆ ಯಾರಲ್ಲಿಯೂ ಇಲ್ಲ. ಸಪ್ಪೆಯಾಗಿ ಕಾಣುವ ಸ್ಕ್ಯಾನೇ ಒಳ್ಳೆಯ ಸ್ಕ್ಯಾನು.

ಜಾಹೀರಾತಿನ ದೊಡ್ಡ ಸಂಖ್ಯೆಗಳಿಗೂ ಮರುಳಾಗಬೇಕಿಲ್ಲ. 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನ ಉದ್ದ 36 ಮಿಲಿಮೀಟರು. ಅದನ್ನು 12 ಅಂಗುಲಕ್ಕೆ ಹಿಗ್ಗಿಸಿ, ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಲು 3,600 ಬಿಂದುಗಳು ಸಾಕು. ಫಿಲ್ಮಿನ ಮೇಲೆ ಅಂಗುಲಕ್ಕೆ 2,540 ಆಯಿತು. ಮತ್ತೊಂದು ಸಂಗತಿ: ಬಣ್ಣದ ಫಿಲ್ಮಿನ ಧೂಳನ್ನು ಅತಿಗೆಂಪು ಕಿರಣಗಳಿಂದ ಪತ್ತೆಹಚ್ಚಿ ಅಳಿಸುವ ಉಪಾಯ ಕಪ್ಪು-ಬಿಳುಪು ಫಿಲ್ಮಿನಲ್ಲಿ ನಡೆಯದು. ಬಣ್ಣದ ಫಿಲ್ಮಿನ ರಂಗುಗಳು ಆ ಕಿರಣಗಳಿಗೆ ಪಾರದರ್ಶಕ. ಬೆಳ್ಳಿಯ ಕಣಗಳು ಹಾಗಲ್ಲ, ಯಂತ್ರ ಚಿತ್ರವನ್ನೇ ಧೂಳೆಂದು ಭ್ರಮಿಸುತ್ತದೆ. ಮೆತ್ತನೆಯ ಕುಂಚವೂ ತಾಳ್ಮೆಯೂ ಇಲ್ಲಿ ಬೇಕು.

ಗುಂಡಿಯೊತ್ತಿ ತೆಗೆದ ಮುದ್ರಣದಲ್ಲಿ ಕಲೆಯೆಲ್ಲಿ ಬಂತೆಂದು ಕತ್ತಲೆಕೋಣೆಯ ಹಳೆಯ ಕಸುಬುದಾರರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರನೇರುವ ದೃಶ್ಯವನ್ನು ಸೆರೆಹಿಡಿದರು. ಆ ಒಂದೇ ನೆಗೆಟಿವಿನಿಂದ ಮುಂದೆ ಸಾವಿರಕ್ಕೂ ಮೇಲ್ಪಟ್ಟು ಪ್ರತಿಗಳನ್ನು ಮುದ್ರಿಸಿದರು. ಮೊದಮೊದಲಿನ ಪ್ರತಿಗಳಲ್ಲಿ ಆಕಾಶ ಬೂದುಬಣ್ಣದ್ದು, ಮೋಡಗಳ ಎಳೆಗಳುಳ್ಳದ್ದು. ಕೊನೆಕೊನೆಯವುಗಳಲ್ಲಿ ಬಹುಮಟ್ಟಿಗೆ ಕಗ್ಗಪ್ಪು. ನೆಗೆಟಿವು ಸಂಗೀತದ ಸ್ವರಲಿಪಿಯಿದ್ದಂತೆ, ಮುದ್ರಣವೆಂದರೆ ಅದನ್ನು ಹಾಡುವುದು ಎಂಬುದು ಅವರ ಭಾವನೆಯಾಗಿತ್ತು. ಹಾಡುವವನ ವಿವೇಚನೆ ಎನ್ಲಾರ್ಜರಿನ ಮುಂದೆ ಎಷ್ಟು ಬೇಕೋ ಕಂಪ್ಯೂಟರಿನ ಮುಂದೆಯೂ ಅಷ್ಟೇ ಬೇಕು: ಯಾವ ಮುಖವನ್ನು ತುಸು ಬೆಳಗಬೇಕು, ಯಾವ ಮೂಲೆಯನ್ನು ಕತ್ತಲಿಗೆ ಬಿಡಬೇಕು ಎಂಬುದನ್ನು ಯಂತ್ರ ಹೇಳಲಾರದು. ಬೆಳ್ಳಿಮುದ್ರಣವೂ ಇದೂ ಒಂದೇ ಎಂದು ನಾವು ಸಾಧಿಸಹೊರಟಿಲ್ಲ. ಮಂದಕಾಗದದ ಮೇಲೆ ಇಂಗಾಲದ ಶಾಯಿಯ ಅತಿ ಕಪ್ಪಿನ ಸಾಂದ್ರತೆ ಸುಮಾರು 1.6, ಎಂದರೆ ಬಿದ್ದ ಬೆಳಕಿನ ನಲವತ್ತರಲ್ಲೊಂದು ಪಾಲು ಮರಳಿ ಬರುತ್ತದೆ. ಹೊಳಪಿನ ಬೆಳ್ಳಿಕಾಗದದಲ್ಲಿ ಅದು 2ನ್ನು ಮೀರುತ್ತದೆ. ಆ ಆಳದ ಕಪ್ಪನ್ನೇ ಬಯಸುವವರು ಹೊಳಪಿನ ಇಂಕ್‌ಜೆಟ್ ಕಾಗದವನ್ನೋ ಕತ್ತಲೆಕೋಣೆಯನ್ನೋ ಆರಿಸಿಕೊಳ್ಳಲಿ.

ಆದರೆ ಕಾಯಲು ಕಾಲವಿಲ್ಲ. ನೆಗೆಟಿವುಗಳ ಆಧಾರಪಟಲವಾದ ಸೆಲ್ಯುಲೋಸ್ ಅಸಿಟೇಟು ಬಿಸಿಲಿನ, ತೇವದ ಹವೆಯಲ್ಲಿ ವಿಘಟನೆಗೊಂಡು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಿಟ್ಟ ಆಮ್ಲವೇ ವಿಘಟನೆಯನ್ನು ಮತ್ತಷ್ಟು ತ್ವರಿತಗೊಳಿಸುತ್ತದೆ. 1948ರಲ್ಲಿ ಬಳಕೆಗೆ ಬಂದ ಟ್ರೈಅಸಿಟೇಟ್ ಫಿಲ್ಮು ಹೀಗೆ ಕೆಡುತ್ತದೆಂಬ ಮೊದಲ ವರದಿ ಹತ್ತು ವರ್ಷ ತುಂಬುವ ಮುನ್ನವೇ ಭಾರತ ಸರ್ಕಾರದಿಂದ ಕೊಡಕ್ ಕಂಪನಿಗೆ ಹೋಗಿತ್ತು. ನಮ್ಮ ಅಟ್ಟಗಳ ಹವೆ ಎಂಥದೆಂದು ಬೇರೆ ಹೇಳಬೇಕೆ? ಅಜ್ಜ ಅಜ್ಜಿಯರ ಮದುವೆ, ಊರ ಜಾತ್ರೆ, ಈಗ ಬತ್ತಿಹೋದ ಕೆರೆ ಎಷ್ಟೋ ಮನೆಗಳಲ್ಲಿ ಆ ಸುರುಳಿಗಳಲ್ಲಿ ಮಾತ್ರ ಉಳಿದಿವೆ.

ಪ್ರತಿಯೊಂದು ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿಯೂ ಒಂದು ಹಳೆಯ ಇಂಕ್‌ಜೆಟ್ ಯಂತ್ರಕ್ಕೆ ಬಣ್ಣಗಳ ಬದಲು ಕರಿಶಾಯಿಯ ಹದಗಳನ್ನು ತುಂಬಿ, ಒಂದು ಸ್ಕ್ಯಾನರಿನೊಡನೆ ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದು ನಾವು ಸೂಚಿಸುತ್ತೇವೆ. ಲಾಗರಿತಮ್ಮು, ವರ್ಣಪಟಲ, ದ್ರವದ ಹನಿ ಎಲ್ಲವೂ ಒಂದೇ ಮೇಜಿನ ಮೇಲೆ ಕಲಿಕೆಗೆ ಒದಗುತ್ತವೆ. ಮೊದಲ ದಿನ ಯಾರ ಮುಖವನ್ನೂ ಮುದ್ರಿಸಬಾರದು. ಬಿಳುಪಿನಿಂದ ಕಪ್ಪಿನವರೆಗೆ 21 ಮೆಟ್ಟಿಲುಗಳ ಪಟ್ಟಿಯೊಂದನ್ನು ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ಪ್ರತಿಯೊಂದು ಮೆಟ್ಟಿಲೂ ಪಕ್ಕದ್ದರಿಂದ ಬೇರೆಯಾಗಿ ಕಾಣುವವರೆಗೆ ಶಾಯಿಗಳ ಪಾಲನ್ನು ಸರಿಪಡಿಸಬೇಕು. ಆಮೇಲೆ ಮನೆಗಳಿಂದ ನೆಗೆಟಿವುಗಳು ಬರಲಿ. ಹುಳಿ ವಾಸನೆ ಹೊಡೆಯುವ ಸುರುಳಿ ಬಂದರೆ ಅದನ್ನು ಮಿಕ್ಕವುಗಳಿಂದ ದೂರವಿರಿಸಬೇಕು. ಸ್ಕ್ಯಾನರಿನ ಮೊದಲ ಸರದಿಯೂ ಅದಕ್ಕೇ ಸಲ್ಲಬೇಕು.