ಸೋತ ಹುಡುಗಿಯ ಮುಂದೆ ಮೈಕು

ನನ್ನ ತಂಗಿಯ ಮಗಳಿಗೆ ಈಗ 13 ವರ್ಷ. ಆರ್.ಟಿ. ನಗರದ ಮನೆಯಿಂದ ನಸುಕಿನಲ್ಲೇ ಅವಳಪ್ಪ ಸ್ಕೂಟರಿನ ಮುಂದೆ ಬ್ಯಾಟಿನ ಚೀಲ ಇಟ್ಟುಕೊಂಡು, ಹಿಂದೆ ಅವಳನ್ನು ಕೂರಿಸಿಕೊಂಡು ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದ ಕಡೆಯ ಟೆನಿಸ್ ಅಂಕಣಕ್ಕೆ ಹೋಗುತ್ತಾನೆ. ಯಶವಂತಪುರದಲ್ಲಿ ಅವನದು ಲಾರಿ ಬಿಡಿಭಾಗಗಳ ಸಣ್ಣ ಅಂಗಡಿ. ಅಂಗಡಿ ಬಾಗಿಲು ತೆಗೆಯುವುದರೊಳಗೆ ಮಗಳನ್ನು ಶಾಲೆಗೆ ಮುಟ್ಟಿಸಬೇಕು. ಚಳಿ, ಮಳೆ, ರಮಝಾನ್ ಎನ್ನದೆ ನಾಲ್ಕು ವರ್ಷದಿಂದ ಇದು ನಡೆದಿದೆ.

ಕಳೆದ ಚಳಿಗಾಲದಲ್ಲಿ ಒಂದು ವಯೋಮಿತಿ ಪಂದ್ಯಾವಳಿಯಲ್ಲಿ ಅವಳು ಮೊದಲ ಸುತ್ತಿನಲ್ಲೇ ಸೋತಳು. ಮುಖದ ಮೇಲೆ ಟವೆಲ್ ಹಾಕಿಕೊಂಡು ಹೊರಬರುತ್ತಿದ್ದಂತೆ ಯೂಟ್ಯೂಬ್ ಚಾನೆಲಿನ ಹುಡುಗನೊಬ್ಬ ಮೈಕು ಮುಂದೆ ಹಿಡಿದ. ಸೋತದ್ದಕ್ಕೆ ಹೇಗನಿಸುತ್ತಿದೆ ಎಂದು ಮೊದಲು ಕೇಳಿದ. ಅದು ಸರಿ. ಆಮೇಲೆ, "ಈ ಡ್ರೆಸ್ಸಲ್ಲಿ ಆಡೋದಕ್ಕೆ ನಿಮ್ಮ ಜನ ಏನೂ ಅನ್ನಲ್ವಾ?" ಎಂದ. ಹುಡುಗಿ ಸುಮ್ಮನೆ ನಿಂತಳು. ಆ ನಿಂತ ಹನ್ನೊಂದು ಸೆಕೆಂಡುಗಳೂ ವಿಡಿಯೋದಲ್ಲಿವೆ.

ಅಂದು ರಾತ್ರಿ ಊಟದ ನಂತರ ಅವಳು ನನ್ನ ಪಕ್ಕ ಬಂದು ಕೂತು ಕೇಳಿದಳು: "ಮಾಮು, ಅವರು ಕೇಳಿದ್ದಕ್ಕೆಲ್ಲಾ ಉತ್ತರ ಕೊಡಲೇಬೇಕಾ?"

ಬೇಡ ಬೇಟಾ ಎಂದೆ. ಆದರೆ ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಅವಳು ಕನಸು ಕಾಣುತ್ತಿರುವ ಜಾಗಕ್ಕೆ ಹೋದರೆ ಉತ್ತರ ಕೊಡಲೇಬೇಕು. ವೃತ್ತಿಪರ ಟೆನಿಸ್‌ನಲ್ಲಿ ಪಂದ್ಯದ ನಂತರ ಕರೆದಾಗ ಪತ್ರಿಕಾಗೋಷ್ಠಿಗೆ ಬರುವುದು ಆಟಗಾರರ ಕಡ್ಡಾಯ ಕರ್ತವ್ಯ. ತಪ್ಪಿಸಿದರೆ ಗ್ರ್ಯಾಂಡ್‌ಸ್ಲಾಂ ನಿಯಮಾವಳಿಯ ಪ್ರಕಾರ 20,000 ಡಾಲರ್‌ವರೆಗೆ ದಂಡ. ಗೆದ್ದವರಿಗೂ ಅಷ್ಟೆ, ಅಳುತ್ತ ಹೊರಬಂದವರಿಗೂ ಅಷ್ಟೆ.

2021ರ ಮೇ ತಿಂಗಳಲ್ಲಿ ಜಪಾನಿನ ನವೊಮಿ ಒಸಾಕಾ ಈ ನಿಯಮಕ್ಕೆ ತಲೆಬಾಗಲು ಒಪ್ಪಲಿಲ್ಲ. ನಾಲ್ಕು ಗ್ರ್ಯಾಂಡ್‌ಸ್ಲಾಂ ಗೆದ್ದು ವಿಶ್ವದ ಎರಡನೇ ಸ್ಥಾನದಲ್ಲಿದ್ದ ಆಟಗಾರ್ತಿ. ಮನಸ್ಸಿನ ಆರೋಗ್ಯದ ಕಾರಣ ಫ್ರೆಂಚ್ ಓಪನ್‌ನಲ್ಲಿ ಪತ್ರಿಕಾಗೋಷ್ಠಿಗೆ ಬರುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಮೊದಲ ಸುತ್ತು ಗೆದ್ದ ದಿನವೇ 15,000 ಡಾಲರ್ ದಂಡ ಬಿತ್ತು. ಹೀಗೇ ಮುಂದುವರಿದರೆ ಟೂರ್ನಿಯಿಂದಲೇ ಹೊರಹಾಕಬಹುದು ಎಂದು ನಾಲ್ಕೂ ಗ್ರ್ಯಾಂಡ್‌ಸ್ಲಾಂಗಳ ಆಡಳಿತಗಾರರು ಒಟ್ಟಾಗಿ ಎಚ್ಚರಿಸಿದರು. ಮರುದಿನ ಆಕೆ ತಾವಾಗಿಯೇ ಹಿಂದೆ ಸರಿದರು. 2018ರಿಂದ ಖಿನ್ನತೆಯಿಂದ ಬಳಲುತ್ತಿದ್ದೇನೆ ಎಂದೂ ಹೇಳಿದರು. ಇದಾದ ಮೇಲೆ ಫ್ರೆಂಚ್ ಟೆನಿಸ್ ಫೆಡರೇಷನ್ನಿನ ಅಧ್ಯಕ್ಷರು ಪತ್ರಕರ್ತರ ಮುಂದೆ ಬಂದು ಹೇಳಿಕೆ ಓದಿದರು. ಓದಿ, ಒಂದೇ ಒಂದು ಪ್ರಶ್ನೆಯನ್ನೂ ಸ್ವೀಕರಿಸದೆ ಎದ್ದು ಹೋದರು! ಅವರಿಗೆ ಯಾರೂ ದಂಡ ಹಾಕಲಿಲ್ಲ.

ಅಂದು ನಮ್ಮ ದೇಶದ ಎಷ್ಟೋ ಅಂಕಣಕಾರರು ಒಸಾಕಾ ಪರವಾಗಿ ಲೇಖನ ಬರೆದರು. ಆಟಗಾರರೂ ಮನುಷ್ಯರೇ ಎಂದರು. ಒಳ್ಳೆಯದೇ. ಆದರೆ ಅದಕ್ಕೆ 13 ವರ್ಷ ಮೊದಲು ನಮ್ಮದೇ ಬೆಂಗಳೂರಿನಲ್ಲಿ ನಡೆದದ್ದು ಅವರಲ್ಲಿ ಎಷ್ಟು ಮಂದಿಗೆ ನೆನಪಿಗೆ ಬಂತು?

2008ರ ಮಾರ್ಚ್‌ನಲ್ಲಿ ಕಬ್ಬನ್ ಪಾರ್ಕ್‌ನ ಅಂಕಣದಲ್ಲಿ ಬೆಂಗಳೂರು ಓಪನ್ ನಡೆಯಿತು. ಸೆರೆನಾ ವಿಲಿಯಮ್ಸ್ ಬಂದಿದ್ದರು, ಪ್ರಶಸ್ತಿಯನ್ನೂ ಗೆದ್ದರು. ಬರದೇ ಇದ್ದವರು ಸಾನಿಯಾ ಮಿರ್ಜಾ. 2006ರಲ್ಲಿ ಇದೇ ಬೆಂಗಳೂರಿನಲ್ಲಿ ಲೀಜೆಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದಿದ್ದ ಹುಡುಗಿ. ಭಾರತದಲ್ಲಿ ಆಡಿದಾಗಲೆಲ್ಲ ಒಂದಲ್ಲ ಒಂದು ತೊಂದರೆ ಎದುರಾಗುತ್ತದೆ, ಆದ್ದರಿಂದ ಈ ಬಾರಿ ಆಡದಿರುವುದೇ ಮೇಲು ಎಂಬರ್ಥದ ಮಾತು ಹೇಳಿ ಹಿಂದೆ ಸರಿದಿದ್ದರು. ಆಗ ಆಕೆಗೆ 21 ವರ್ಷ. ತನ್ನ ದೇಶದ ಅತಿ ದೊಡ್ಡ ಟೂರ್ನಿಗೆ ಬರಲು ಆ ದೇಶದ ಅತ್ಯುತ್ತಮ ಆಟಗಾರ್ತಿಯೇ ಹಿಂಜರಿದಳು ಎಂದರೆ, ಅದಕ್ಕೆ ಮೊದಲು ಏನೇನು ನಡೆದಿರಬೇಕು?

2007ರ ಕೊನೆಯಲ್ಲಿ ಹೈದರಾಬಾದಿನ ಮಕ್ಕಾ ಮಸೀದಿಯ ಆವರಣದಲ್ಲಿ ಜಾಹೀರಾತಿನ ಚಿತ್ರೀಕರಣ ನಡೆಯಿತೆಂದು ಗದ್ದಲ. ಆಕೆ ಕ್ಷಮೆ ಕೇಳಿದರು. ಕೆಲವೇ ದಿನಗಳಲ್ಲಿ ಪರ್ತ್‌ನ ಹಾಪ್‌ಮನ್ ಕಪ್‌ನಿಂದ ಒಂದು ಚಿತ್ರ ಬಂತು: ಕೂತಿದ್ದಾಗ ಕಾಲು ತ್ರಿವರ್ಣ ಧ್ವಜದ ಹತ್ತಿರವಿತ್ತಂತೆ. ಯಾವ ಕೋನದಿಂದ ತೆಗೆದ ಚಿತ್ರ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಭೋಪಾಲದ ನ್ಯಾಯಾಲಯಕ್ಕೆ ದೂರು ಹೋಯಿತು. ಒಂದು ಕಡೆ ಮುಸ್ಲಿಮಳಾಗಿ ಸಾಲದು, ಇನ್ನೊಂದು ಕಡೆ ಭಾರತೀಯಳಾಗಿ ಸಾಲದು. ಈ ನಡುವೆ ಫೋರ್‌ಹ್ಯಾಂಡ್ ಹೇಗಿದೆ ಎಂದು ಕೇಳಿದವರು ಯಾರು?

ಇಲ್ಲಿ ನಮ್ಮ ಸಮುದಾಯದ ಮಾತನ್ನೂ ಆಡಲೇಬೇಕು. 2005ರ ಸೆಪ್ಟೆಂಬರ್‌ನಲ್ಲಿ ಸಾನಿಯಾ ಅಮೆರಿಕನ್ ಓಪನ್‌ನ ನಾಲ್ಕನೇ ಸುತ್ತು ತಲುಪಿದ ಮೊದಲ ಭಾರತೀಯ ಮಹಿಳೆಯಾದರು. ಅದೇ ತಿಂಗಳಲ್ಲಿ ಮೌಲಾನಾ ಒಬ್ಬರು ಆಕೆಯ ಉಡುಪಿನ ಬಗ್ಗೆ ಆಡಿದ ಮಾತು 'ಫತ್ವಾ' ಎಂದು ದೇಶವಿಡೀ ಸುದ್ದಿಯಾಯಿತು. ಕೋಲ್ಕತಾದಲ್ಲಿ ಆ 18ರ ಹುಡುಗಿ ಪೊಲೀಸ್ ಪಹರೆಯ ನಡುವೆ ಆಡಬೇಕಾಯಿತು. ಮಾಧ್ಯಮಗಳು ಅದನ್ನು ಊದಿ ದೊಡ್ಡದು ಮಾಡಿದವು ಎಂದು ನಾವು ದೂರುತ್ತೇವೆ. ಮಾಡಿದ್ದು ನಿಜ. ಆದರೆ ಊದಲು ಕೆಂಡ ಕೊಟ್ಟವರು ಯಾರು? ಮೈಕು ಕಂಡೊಡನೆ ಪರರ ಮಗಳ ಉಡುಪಿನ ಮೇಲೆ ತೀರ್ಪು ಕೊಡಲು ಅವಸರಪಡುವವರು ನಮ್ಮಲ್ಲಿ ಇಲ್ಲವೇ? ದೃಷ್ಟಿ ತಗ್ಗಿಸಬೇಕೆಂಬ ಕುರ್‌ಆನಿನ ಆಜ್ಞೆ ಮೊದಲು ಬಂದದ್ದು ಪುರುಷರಿಗೆ. ಪರರ ಗುಟ್ಟು ಕೆದಕಬೇಡಿ ಎಂಬ ಆಜ್ಞೆ ಎಲ್ಲರಿಗೂ. ಅಂದು ಟಿವಿಯಲ್ಲಿ ಚರ್ಚೆಗೆ ಕೂತ ನಮ್ಮವರ ಬಾಯಲ್ಲಿ ಇವೆರಡನ್ನೂ ಕೇಳಿದ ನೆನಪು ನನಗಿಲ್ಲ.

ಇನ್ನೊಂದು ವಿಪರ್ಯಾಸ. ಕೊಡಗಿನ ರೋಹನ್ ಬೋಪಣ್ಣ ಪಾಕಿಸ್ತಾನದ ಐಸಾಮುಲ್ ಹಕ್ ಖುರೇಷಿ ಜೊತೆಗೂಡಿ 2010ರ ಅಮೆರಿಕನ್ ಓಪನ್ ಡಬಲ್ಸ್ ಫೈನಲ್ ಆಡಿದಾಗ ಎಲ್ಲರೂ 'ಇಂಡೋ-ಪಾಕ್ ಎಕ್ಸ್‌ಪ್ರೆಸ್' ಎಂದು ಕೊಂಡಾಡಿದರು. ಕೊಂಡಾಡಬೇಕಾದದ್ದೇ. ಅದೇ ವರ್ಷ ಸಾನಿಯಾ ಪಾಕಿಸ್ತಾನದ ಕ್ರಿಕೆಟಿಗನನ್ನು ಮದುವೆಯಾದರು. 2014ರಲ್ಲಿ ತೆಲಂಗಾಣ ಸರ್ಕಾರ ಆಕೆಯನ್ನು ರಾಯಭಾರಿಯನ್ನಾಗಿ ಮಾಡಿದಾಗ ರಾಜಕಾರಣಿಯೊಬ್ಬರು 'ಪಾಕಿಸ್ತಾನದ ಸೊಸೆ' ಎಂದು ಜರಿದರು. ಟಿವಿ ಸಂದರ್ಶನದಲ್ಲಿ ಆಕೆಯ ಕಣ್ಣಲ್ಲಿ ನೀರು ಬಂತು. ಬೋಪಣ್ಣ 2024ರಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು; ಸಂಸಾರ ಕಟ್ಟಿಕೊಂಡು ನೆಲೆಯೂರುವುದು ಯಾವಾಗ ಎಂದು ಅವರನ್ನು ಯಾರೂ ಕೇಳಲಿಲ್ಲ. ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನದಲ್ಲಿದ್ದ ಸಾನಿಯಾಗೆ 2016ರಲ್ಲಿ ಟಿವಿಯ ಹಿರಿಯ ಪತ್ರಕರ್ತರೊಬ್ಬರು ಅದನ್ನೇ ಕೇಳಿದರು. ಆಕೆ ತಿರುಗಿ ಪ್ರಶ್ನಿಸಿದಾಗ ಅವರು ಅಲ್ಲೇ ತಪ್ಪೊಪ್ಪಿಕೊಂಡರು ಎಂಬುದನ್ನೂ ಹೇಳಬೇಕು. ಅಂಥವರು ಅಪರೂಪ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಣಿಕಟ್ಟಿನ ಗಾಯದಿಂದ ಪಂದ್ಯ ಬಿಟ್ಟುಕೊಟ್ಟ ನಂತರ ತಿಂಗಳುಗಟ್ಟಲೆ ಖಿನ್ನತೆಯಲ್ಲಿದ್ದೆ, ಕಾರಣವಿಲ್ಲದೆ ಅಳುತ್ತಿದ್ದೆ, ಊಟಕ್ಕೂ ಕೋಣೆಯಿಂದ ಹೊರಬರುತ್ತಿರಲಿಲ್ಲ ಎಂದು ಸಾನಿಯಾ ಎಷ್ಟೋ ವರ್ಷಗಳ ನಂತರ ಹೇಳಿಕೊಂಡರು. ಬೆಂಗಳೂರಿಗೆ ಬಾರದೆ ಹೋದ ವರ್ಷವೇ ಅದು. ಗದ್ದಲದಿಂದಲೇ ಕಾಯಿಲೆ ಬಂತು ಎಂದು ಹೇಳಲು ನಾನು ವೈದ್ಯನಲ್ಲ. ಮಣಿಕಟ್ಟಿನ ಎಕ್ಸ್‌ರೇ ಬಗ್ಗೆ ಬರೆದ ಪತ್ರಿಕೆಗಳಿಗೆ ಇನ್ನೊಂದು ನೋವು ಕಾಣಲಿಲ್ಲ, ಅಷ್ಟನ್ನು ಹೇಳಬಲ್ಲೆ.

ಪತ್ರಕರ್ತ ಮಿತ್ರರು ನನ್ನ ಮೇಲೆ ರೇಗುತ್ತಾರೆ ಎಂದು ಗೊತ್ತು. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಟಿವಿ ಮತ್ತು ಪತ್ರಿಕೆಗಳಿಲ್ಲದಿದ್ದರೆ ಟೆನಿಸ್‌ಗೆ ಪ್ರಾಯೋಜಕರೆಲ್ಲಿ, ಕೋಟಿಗಟ್ಟಲೆ ಬಹುಮಾನವೆಲ್ಲಿ? ಸಣ್ಣ ಕನ್ನಡ ಪತ್ರಿಕೆಯ ವರದಿಗಾರನಿಗೆ ದೊಡ್ಡ ಆಟಗಾರ್ತಿಯ ಮನೆಯ ಬಾಗಿಲು ತೆರೆಯುವುದಿಲ್ಲ, ಪತ್ರಿಕಾಗೋಷ್ಠಿಯೊಂದೇ ಅವನ ಅವಕಾಶ. ಅದೂ ಹೋದರೆ ಆಟಗಾರರು ತಮ್ಮ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದೇ ಸುದ್ದಿಯಾಗುತ್ತದೆ. ಈ ಮಾತು ನನ್ನನ್ನೂ ಯೋಚಿಸುವಂತೆ ಮಾಡಿದೆ. ಪತ್ರಿಕಾಗೋಷ್ಠಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಸಾಕಾ ಕೂಡ ನಂತರ ಕೇಳಿದ್ದು, ಅಪರೂಪಕ್ಕೊಮ್ಮೆ ದಂಡವಿಲ್ಲದೆ ಬಿಡುವು ಕೊಡಿ ಎಂದಷ್ಟೇ. ಕಚೇರಿಯ ಗುಮಾಸ್ತನಿಗೂ ಕಾಯಿಲೆ ರಜೆ ಇದೆ. ಕೈಕಾಲು ಮುರಿದರೆ ಮಾತ್ರ ಕಾಯಿಲೆ ಎನ್ನುವ ಕಾಲ ಇನ್ನೂ ಮುಗಿದಿಲ್ಲವೇ?

ಇನ್ನು ದಂಡದ ಮಾತು. 15,000 ಡಾಲರ್ ಒಸಾಕಾಗೆ ದೊಡ್ಡ ಮೊತ್ತವೇನಲ್ಲ. 2017ರಲ್ಲಿ ಬೆಂಗಳೂರಿನ ಚಾಲೆಂಜರ್ ಗೆದ್ದ ಸುಮಿತ್ ನಗಾಲ್, ಭಾರತದ ಅಗ್ರ ಸಿಂಗಲ್ಸ್ ಆಟಗಾರನಾಗಿದ್ದಾಗಲೇ, 2023ರಲ್ಲಿ ತಮ್ಮ ಖಾತೆಯಲ್ಲಿ ಉಳಿದಿರುವುದು 900 ಯೂರೋ ಎಂದು ಹೇಳಿದ್ದರು. ಅಂಥವರಿಗೆ ಮೌನದ ಬೆಲೆ ಕಟ್ಟಲು ಸಾಧ್ಯವೇ? ಮಾತಾಡದಿರುವ ಹಕ್ಕು ಹಣವಿದ್ದವರಿಗೆ ಮಾತ್ರ ಸಿಗುವ ಸರಕಾಗಿದೆ. ಮೊದಲ ಸುತ್ತಿನಲ್ಲಿ ಸೋತು, ಮುಂದಿನ ಊರಿನ ಟಿಕೆಟ್ಟಿಗೆ ಕಾಸಿಲ್ಲದೆ ನಿಂತವನೂ ನಗುತ್ತ ಉತ್ತರಿಸಬೇಕು.

ನಮ್ಮ ಉತ್ತರ ಬೆಂಗಳೂರು ಈಗ ಆಟಗಾರರನ್ನು ತಯಾರಿಸುವ ಕಾರ್ಖಾನೆಯಂತಾಗಿದೆ. ಯಲಹಂಕದಾಚೆ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರವಿದೆ, ಗಲ್ಲಿಗಲ್ಲಿಗೂ ಅಕಾಡೆಮಿಗಳಿವೆ. ಆ ಪಡುಕೋಣೆ ಮನೆಯ ಮಗಳೇ 2015ರಲ್ಲಿ ತನ್ನ ಖಿನ್ನತೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದು. ಗಮನಿಸಿ, ಹೇಳಬೇಕೆನಿಸಿದಾಗ, ಹೇಳಬೇಕಾದಷ್ಟನ್ನು ದೀಪಿಕಾ ಹೇಳಿದರು. ಸೋತ ಐದು ನಿಮಿಷಕ್ಕೆ ಯಾರೋ ಕಿತ್ತುಕೊಂಡದ್ದಲ್ಲ ಅದು. ಸರ್ವ್, ವಾಲಿ ಕಲಿಸುವ ಅಕಾಡೆಮಿಗಳು ಒಂದು ಫಲಕ ತೂಗುಹಾಕಲಿ: ಹೆತ್ತವರ ಅಥವಾ ತರಬೇತುದಾರರ ಒಪ್ಪಿಗೆಯಿಲ್ಲದೆ ಮಕ್ಕಳ ಮುಂದೆ ಮೈಕು ಹಿಡಿಯುವಂತಿಲ್ಲ. ಆಟದ ಬಗ್ಗೆ ಕೇಳಿ, ಮಿಕ್ಕಿದ್ದನ್ನು ಬಿಡಿ. ಪಂದ್ಯಾವಳಿ ನಡೆಸುವವರು ಬೇಡವೆಂದರೆ, ಯಾಕೆ ಬೇಡವೆಂದು ಹೆತ್ತವರು ಕೇಳಲಿ. ಮಗುವಿಗೆ ಹೆಸರು ಬರುತ್ತದೆಂದು ತಾವೇ ಕ್ಯಾಮೆರಾ ಮುಂದೆ ತಳ್ಳುವ ಅಪ್ಪಂದಿರನ್ನೂ ನಾನು ಅಲ್ಲಿ ಕಂಡಿದ್ದೇನೆ. ಅವರಿಗೇನು ಹೇಳುವುದೋ ತಿಳಿಯದು.

ಮೈಕಿನ ಹುಡುಗನನ್ನು ಹುಡುಕಿಕೊಂಡು ಹೋಗಿದ್ದೆ. ಕೆಟ್ಟವನಲ್ಲ. ಟೀ ತರಿಸಿದ, ಡಿಗ್ರಿ ಮುಗಿಸಿ ಎರಡು ವರ್ಷ ಕೆಲಸ ಸಿಗಲಿಲ್ಲ ಎಂದ. ವಿಡಿಯೋ ತೆಗೆದುಹಾಕಪ್ಪ ಎಂದು ಕೇಳಿದೆ. "ಸಾರ್, ನಮ್ಮ ಚಾನೆಲಲ್ಲಿ ಚೆನ್ನಾಗಿ ಓಡ್ತಿರೋದು ಅದೊಂದೇ. ಬೇಕಾದ್ರೆ ಟೈಟಲ್ ಬದಲಾಯಿಸ್ತೀನಿ" ಎಂದ.

ಮರುದಿನ ನೋಡಿದೆ. ಬದಲಾಯಿಸಿದ್ದ. ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು, ಈಗ ಮೂರಿವೆ.