ಉಳ್ಳಾರ್ತಿ ಕಾವಲಿನ ನೆರೆಯವರಿಗೊಂದು ಗಣಕದ ಲೆಕ್ಕ

ಚಳ್ಳಕೆರೆಗೆ ‘ಎಣ್ಣೆ ನಗರ’ವೆಂಬ ಹೆಸರು ಬಂದುದು ಶೇಂಗಾ ಎಣ್ಣೆ ಗಿರಣಿಗಳಿಂದ. ಅದೇ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಇಸ್ರೋಗೂ ಜಮೀನು ದೊರೆತಿದೆ. ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವು 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಅಮೃತ ಮಹಲ್ ಕಾವಲನ್ನು ಬಿಟ್ಟುಕೊಟ್ಟ ಈ ಸೀಮೆಯ ಸಣ್ಣ ಕಾರ್ಖಾನೆಗಳಿಗೆ ಇದರಿಂದ ದೊರೆಯುವುದೇನು?

ಕೇಂದ್ರ ಇಲಾಖೆಗಳು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಖರೀದಿಸಬೇಕಾದ ಪಾಲನ್ನು 2012ರ ನೀತಿಯು ಶೇ. 20 ಎಂದು ನಿಗದಿಪಡಿಸಿತ್ತು. 2018ರಲ್ಲಿ ಅದು ಶೇ. 25ಕ್ಕೆ ಏರಿತು. ಆದರೆ ನೀತಿಯಿಂದಷ್ಟೇ ಆರ್ಡರು ಬಾರದು. ನಮ್ಮ ಲೇತ್ ಕಾರ್ಖಾನೆಯವರು ಲೋಹವನ್ನು ಕಡೆಯಬಲ್ಲರು. ಅದು ಕಾವಿಗೂ ಭಾರಕ್ಕೂ ಹೇಗೆ ಬಾಗುವುದೆಂದು ಅಂಕಿಗಳಲ್ಲಿ ತೋರಿಸಲಾರರು. ಅದಕ್ಕೆ ಬೇಕಾದ ದೊಡ್ಡ ತಂತ್ರಾಂಶಗಳ ಪರವಾನಗಿ ಶುಲ್ಕ ಅವರ ಕೈಗೆ ಎಟುಕದು.

ಇದಕ್ಕೊಂದು ಅಗ್ಗದ ದಾರಿಯಿದೆ. ಫ್ರಾನ್ಸಿನ ಅಣುಶಕ್ತಿ ಸಂಸ್ಥೆ ಸಿಇಎ ಮತ್ತು ವಿದ್ಯುತ್ ಕಂಪನಿ ಇಡಿಎಫ್ ಬೆಳೆಸಿದ ‘ಎಂಫ್ರಂಟ್’ ಎಂಬ ಮುಕ್ತ ತಂತ್ರಾಂಶವು ವಸ್ತುವಿನ ವರ್ತನೆಯ ನಿಯಮವನ್ನು ಗಣಕದ ‘ಲೈಬ್ರರಿ’ಯಾಗಿ ಸಿದ್ಧಪಡಿಸುತ್ತದೆ. ಲೈಬ್ರರಿಯೆಂಬುದು ಮೋಟಾರಿಲ್ಲದ ಎಕ್ಸ್‌ಪೆಲ್ಲರಿನಂತೆ, ತಾನಾಗಿ ತಿರುಗದು. ಅದನ್ನು ಸ್ವತಂತ್ರವಾಗಿ ನಡೆಸಲು ಮೂರು ಮಾರ್ಗಗಳಿವೆ. ಮೊದಲನೆಯದು, ಜೊತೆಯಲ್ಲೇ ದೊರೆಯುವ ‘ಎಂಟೆಸ್ಟ್’. ಭಾರ, ತಾಪ, ಕಾಲಗಳನ್ನು ಒಂದು ಪಠ್ಯ ಕಡತದಲ್ಲಿ ಬರೆದುಕೊಟ್ಟರೆ ಫಲಿತಾಂಶವನ್ನು ಅಂಕಿಗಳ ಪಟ್ಟಿಯಾಗಿ ನೀಡುತ್ತದೆ. ಎರಡನೆಯದು, ಪೈಥಾನ್ ಭಾಷೆಯ ಕಿರು ಬರಹದಿಂದ ಕರೆಯುವುದು. ಹತ್ತಾರು ಲೆಕ್ಕಗಳನ್ನು ಸಾಲಾಗಿ ಮಾಡಲು ಇದು ಅನುಕೂಲ. ಮೂರನೆಯದು, ಸಿ++ನಲ್ಲಿ ಸ್ವಂತ ಪ್ರೋಗ್ರಾಂ ಬರೆಸಿ ಜೋಡಿಸುವುದು. ಇದಕ್ಕೆ ನುರಿತವರು ಬೇಕು. ಮೊದಲನೆಯದರಿಂದ ಆರಂಭಿಸುವುದು ಉಚಿತವೆಂದು ನನ್ನ ಅಭಿಪ್ರಾಯ.

ಎರಡು ಎಚ್ಚರಿಕೆಗಳು. ಎಂಟೆಸ್ಟ್ ಮುಖ್ಯವಾಗಿ ವಸ್ತುವಿನ ಒಂದು ಬಿಂದುವಿನ ಲೆಕ್ಕವನ್ನು ಹೇಳುತ್ತದೆ. ಇಡೀ ಬಿಡಿಭಾಗದ ಲೆಕ್ಕಕ್ಕೆ ಅದೇ ಲೈಬ್ರರಿಯನ್ನು ಕ್ಯಾಲ್ಕ್ಯುಲಿಕ್ಸ್‌ನಂತಹ ಮತ್ತೊಂದು ಮುಕ್ತ ತಂತ್ರಾಂಶಕ್ಕೆ ಜೋಡಿಸಬೇಕು. ಇನ್ನು, ಪ್ರಯೋಗಾಲಯದ ಎಳೆತ ಪರೀಕ್ಷೆಯ ಅಂಕಿಗಳಿಲ್ಲದೆ ಕೊಟ್ಟ ಉತ್ತರವು ವೋಚರಿಲ್ಲದ ಜಮಾಖರ್ಚಿನಂತೆ; ನಂಬಲಾಗದು.

ತಂತ್ರಾಂಶವು ಉಚಿತವಾದರೂ ವೆಚ್ಚ ತಪ್ಪದು. ಖರ್ಚೆಲ್ಲ ಕಲಿಕೆಯಲ್ಲಿದೆ. ಲೆಕ್ಕಪತ್ರ ಮಾನದಂಡ 26ರಂತೆ ತರಬೇತಿಯ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ; ಆಯಾ ವರ್ಷದ ಖರ್ಚಿಗೇ ಬರೆಯಬೇಕು. ಅದನ್ನು ಕಂಡು ಹಿಂಜರಿಯುವುದು ಸಹಜ. ಆದುದರಿಂದ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಹೊರುವ ಬದಲು, ವಾಣಿಜ್ಯ ಮಂಡಳಿಯೇ ಒಂದು ಗಣಕಯಂತ್ರವನ್ನಿಟ್ಟು, ಪಾಲಿಟೆಕ್ನಿಕ್ ಮುಗಿಸಿದ ಇಬ್ಬರು ಯುವಕರನ್ನು ತರಬೇತುಗೊಳಿಸಿ, ಸದಸ್ಯರಿಂದ ಅಲ್ಪ ಶುಲ್ಕ ಪಡೆದು ಲೆಕ್ಕ ಮಾಡಿಸಿಕೊಡಲಿ.

ಕಾವಲಿನ ಬೇಲಿಯ ಹೊರಗೆ ನಿಂತು ಪಾಲು ಕೇಳುವುದಕ್ಕಿಂತ, ಅಳತೆಯ ಕಾಗದ ಹಿಡಿದು ಬಾಗಿಲು ತಟ್ಟುವುದು ಲೇಸು.